ಮಗುವಿನ ದಿನದಲ್ಲಿ ದುಡಿಮೆಗೆ ಎಷ್ಟು ಗಂಟೆ? ಕುಟುಂಬಗಳ ಅಭಿಪ್ರಾಯ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಗ್ರಂಥಾಲಯ ಮೇಲ್ವಿಚಾರಕರು ಹಾಗೂ ಸ್ವಸಹಾಯ ಸಂಘಗಳ ಅಧ್ಯಯನಕ್ಕಾಗಿ)

1. ಪೀಠಿಕೆ

ಪ್ರತಿ ವರ್ಷ ಜೂನ್ 12ರಂದು ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನ ಬರುತ್ತದೆ. ಅಂದು ಪಂಚಾಯಿತಿ ಕಚೇರಿಗಳಲ್ಲಿ ಪ್ರತಿಜ್ಞೆ ಬೋಧಿಸಲಾಗುತ್ತದೆ. ಶಾಲಾ ಮಕ್ಕಳ ಜಾಥಾ ಊರನ್ನು ಸುತ್ತಿ ಬರುತ್ತದೆ. ಆದರೆ "ನಿಮ್ಮ ಮನೆಯಲ್ಲಿ ದುಡಿಯುವ ಮಕ್ಕಳಿದ್ದಾರೆಯೇ?" ಎಂದು ಮನೆಮನೆಯಲ್ಲಿ ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ "ಇಲ್ಲ" ಎಂಬುದೇ ಆಗಿರುತ್ತದೆ. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ತಂದೆತಾಯಿಯರ ಮಾತಿನಲ್ಲಿ ದುಡಿಮೆ ಎಂದರೆ ಕೂಲಿಗೆ ಹೋಗುವುದು. ಮನೆಯ ಹೊಲದಲ್ಲಿ ಕಳೆ ಕೀಳುವುದು, ಹೊಗೆಸೊಪ್ಪಿನ ಎಲೆ ಕಟ್ಟುವುದು, ದನ ಮೇಯಿಸುವುದು, ಕೂಸನ್ನು ಆಡಿಸುವುದು ಇವೆಲ್ಲ ಅವರ ಪಾಲಿಗೆ ಕೈಯಾಸರೆ ಮಾತ್ರ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಸಂಸ್ಥೆಗಳ 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 16 ಕೋಟಿ ಬಾಲಕಾರ್ಮಿಕರಿದ್ದರು. ಅವರಲ್ಲಿ ಶೇಕಡಾ 70ರಷ್ಟು ಮಕ್ಕಳು ಕೃಷಿಯಲ್ಲಿದ್ದರು. ಶೇಕಡಾ 72ರಷ್ಟು ಮಕ್ಕಳು ದುಡಿಯುತ್ತಿದ್ದುದು ತಮ್ಮ ಕುಟುಂಬದೊಳಗೇ. ಭಾರತದ 2011ರ ಜನಗಣತಿಯಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳ ಸಂಖ್ಯೆ ಸುಮಾರು 1.01 ಕೋಟಿ. ಕಾರ್ಖಾನೆ, ಹೋಟೆಲು, ಗ್ಯಾರೇಜುಗಳಿಗಿಂತ ಮನೆಯಂಗಳ ಮತ್ತು ಹೊಲಗಳಲ್ಲಿಯೇ ಈ ಪ್ರಶ್ನೆಯ ಬಹುಭಾಗ ಅಡಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ "ಮಗು ದುಡಿಯುತ್ತದೆಯೇ?" ಎಂಬ ಪ್ರಶ್ನೆಯ ಬದಲು "ಮಗು ದಿನದ ಯಾವ ಯಾವ ಗಂಟೆಯಲ್ಲಿ ಏನು ಮಾಡುತ್ತದೆ?" ಎಂದು ಕೇಳಬೇಕಾಗಿದೆ. ಹೀಗೆ ಕೇಳಿದಾಗ ಕುಟುಂಬಗಳು ಮನಬಿಚ್ಚಿ ಮಾತನಾಡುತ್ತವೆ. ಪಂಚಾಯಿತಿಗೂ ತಾನು ಮಾಡಬೇಕಾದ ಕೆಲಸ ಯಾವುದೆಂದು ಸ್ಪಷ್ಟವಾಗುತ್ತದೆ. ಈ ಪಾಠದ ಉದ್ದೇಶ ಇಷ್ಟೇ.

2. ಕಾನೂನಿನ ಮಿತಿ

ಬಾಲ ಮತ್ತು ಕಿಶೋರ ಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯಿದೆ, 1986ಕ್ಕೆ 2016ರಲ್ಲಿ ಮಹತ್ವದ ತಿದ್ದುಪಡಿಯಾಯಿತು. ಅದರ ಮುಖ್ಯಾಂಶಗಳು ಹೀಗಿವೆ.

ಅ) 14 ವರ್ಷ ತುಂಬದ ಮಗುವನ್ನು ಯಾವುದೇ ಉದ್ಯೋಗದಲ್ಲಿ ನೇಮಿಸಿಕೊಳ್ಳುವಂತಿಲ್ಲ. ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕೆಲಸದಲ್ಲಿ ತನ್ನ ಕುಟುಂಬಕ್ಕೆ ನೆರವಾಗಲು ಮಾತ್ರ ಅವಕಾಶವಿದೆ.

ಆ) 2017ರಲ್ಲಿ ತಿದ್ದಿದ ಕೇಂದ್ರ ನಿಯಮಗಳು ಈ ನೆರವಿಗೂ ಎಲ್ಲೆ ಹಾಕಿವೆ. ಶಾಲಾ ಅವಧಿಯಲ್ಲಿ ಕೆಲಸವಿಲ್ಲ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ. ವಿರಾಮವನ್ನು ಬಿಟ್ಟು ದಿನಕ್ಕೆ 3 ಗಂಟೆ ಮೀರುವಂತಿಲ್ಲ. ಮನೆಪಾಠಕ್ಕೆ ಅಡ್ಡಿಯಾಗಬಾರದು. ದೊಡ್ಡವರೊಬ್ಬರ ಬದಲಿಗೆ ಮಗುವನ್ನು ನಿಲ್ಲಿಸುವಂತಿಲ್ಲ. ಮಗುವಿಗೆ ಅಥವಾ ಕುಟುಂಬಕ್ಕೆ ಆದಾಯ ತರುವ ಉತ್ಪಾದನೆ ಮತ್ತು ಮಾರಾಟದ ಸರಪಳಿಯಲ್ಲಿ ಮಗುವಿನ ಕೆಲಸ ಒಂದು ಕೊಂಡಿಯಾಗಬಾರದು.

ಇ) 14ರಿಂದ 18 ವರ್ಷದೊಳಗಿನ ಕಿಶೋರರನ್ನು ಅಪಾಯಕಾರಿ ಕೆಲಸಗಳಲ್ಲಿ ನೇಮಿಸುವಂತಿಲ್ಲ. ಉಳಿದ ಕೆಲಸಗಳಲ್ಲಿ ಸತತ 3 ಗಂಟೆಯ ನಂತರ ಕನಿಷ್ಠ 1 ಗಂಟೆ ವಿರಾಮ ಕೊಡಬೇಕು. ವಿರಾಮವೂ ಸೇರಿ ದಿನದ ಒಟ್ಟು ಅವಧಿ 6 ಗಂಟೆ ಮೀರಬಾರದು. ರಾತ್ರಿ ಕೆಲಸ ಮತ್ತು ಹೆಚ್ಚುವರಿ ಅವಧಿಯ ಕೆಲಸ ನಿಷಿದ್ಧ. ವಾರಕ್ಕೊಂದು ದಿನ ರಜೆ ಕಡ್ಡಾಯ.

ಈ) ಕಾನೂನು ಮೀರಿ ನೇಮಿಸಿಕೊಂಡ ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಂದೆತಾಯಿಯರಿಗೆ ಮೊದಲ ತಪ್ಪಿಗೆ ಶಿಕ್ಷೆಯಿಲ್ಲ; ಪುನರಾವರ್ತನೆಯಾದರೆ 10,000 ರೂಪಾಯಿವರೆಗೆ ದಂಡ ವಿಧಿಸಬಹುದು.

ಮಾಲೀಕನನ್ನೂ ತಾಯಿತಂದೆಯರನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗಿಲ್ಲ ಎಂಬುದನ್ನು ಗಮನಿಸಬೇಕು. ಕುಟುಂಬದೊಡನೆ ಮಾತಿಗೆ ಅವಕಾಶವನ್ನು ಶಾಸನವೇ ಇರಿಸಿದೆ.

3. ಗಂಟೆಗಳ ಲೆಕ್ಕ

"ಮೂರು ಗಂಟೆ ಬಿಟ್ಟಿದ್ದಾರಲ್ಲ" ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುವುದು ಸಹಜ. ಲೆಕ್ಕ ಹಾಕಿ ನೋಡಿದರೆ ಈ ಮೂರು ಗಂಟೆಯ ನಿಜವಾದ ಅಳತೆ ತಿಳಿಯುತ್ತದೆ.

ನಿಯಮದಂತೆ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಉಳಿಯುವುದು 11 ಗಂಟೆ. ಶಾಲೆ 10ರಿಂದ 4.30ರವರೆಗೆ ಇದ್ದು, ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಎಂದಿಟ್ಟುಕೊಂಡರೆ 7.5 ಗಂಟೆ ಕಳೆಯಿತು. ಉಳಿದದ್ದು ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಎರಡು ಗಂಟೆ, ಒಟ್ಟು 3.5 ಗಂಟೆ. ಸ್ನಾನ, ತಿಂಡಿ ಮತ್ತು ಸಂಜೆಯ ದಣಿವಾರಿಸಿಕೊಳ್ಳುವಿಕೆಗೆ 1 ಗಂಟೆ, ಮನೆಪಾಠಕ್ಕೆ 1 ಗಂಟೆ, ಆಟಕ್ಕೆ ಅರ್ಧ ಗಂಟೆ ಕಳೆದರೆ ಮಿಕ್ಕುವುದು 1 ಗಂಟೆ ಮಾತ್ರ. ಮನೆಪಾಠವನ್ನು ದೀಪ ಹಚ್ಚಿದ ಮೇಲೆ ಮಾಡಿದರೂ 2 ಗಂಟೆಗಿಂತ ಹೆಚ್ಚು ಉಳಿಯದು.

ಹೀಗಾಗಿ ಮೂರು ಗಂಟೆ ಎಂಬುದು ಪ್ರತಿದಿನ ತುಂಬಿಸಿಕೊಳ್ಳಬೇಕಾದ ಪಾಲಲ್ಲ. ರಜಾದಿನದಲ್ಲಿಯೂ ದಾಟಬಾರದ ಗಡಿ. ಅಂತರರಾಷ್ಟ್ರೀಯ ಅಂಕಿಅಂಶಗಳಲ್ಲಿಯೂ ಇಂತಹ ಎಲ್ಲೆಗಳಿವೆ. 12ರಿಂದ 14 ವರ್ಷದ ಮಗು ವಾರಕ್ಕೆ 14 ಗಂಟೆ ಅಥವಾ ಹೆಚ್ಚು ಆರ್ಥಿಕ ಸ್ವರೂಪದ ಕೆಲಸ ಮಾಡಿದರೆ ಬಾಲಕಾರ್ಮಿಕರ ಲೆಕ್ಕಕ್ಕೆ ಸೇರುತ್ತದೆ. 5ರಿಂದ 11 ವರ್ಷದ ಮಗುವಿಗೆ ಈ ಎಲ್ಲೆ ವಾರಕ್ಕೆ ಒಂದೇ ಗಂಟೆ. ಮನೆಗೆಲಸಕ್ಕೂ ವಾರಕ್ಕೆ 21 ಗಂಟೆಯ ಎಲ್ಲೆಯನ್ನು ಇರಿಸಲಾಗಿದೆ. ಮನೆಗೆಲಸವನ್ನು ಲೆಕ್ಕದಿಂದ ಬಿಟ್ಟರೆ ಹೆಣ್ಣುಮಕ್ಕಳ ದುಡಿಮೆ ಕಣ್ಣಿಗೇ ಬೀಳುವುದಿಲ್ಲ.

4. ನಮ್ಮ ತಾಲ್ಲೂಕುಗಳ ಕೆಲಸದ ಕಾಲ

ಗಂಟೆಯ ಪ್ರಶ್ನೆ ಬೆಳೆಯ ಕಾಲದೊಂದಿಗೆ ಹೆಣೆದುಕೊಂಡಿದೆ. ಅರಕಲಗೂಡು ತಾಲ್ಲೂಕು ತಂಬಾಕಿನ ಸೀಮೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಮುಂಗಾರಿನಲ್ಲಿ ಎಲೆ ಮುರಿದು ತಂದ ದಿನವೇ ಅದನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಆಮೇಲೆ ಹಗಲಿರುಳು ಬೆಂಕಿಯ ಹದ ಕಾಯಬೇಕು. ಎಲೆ ಕಟ್ಟುವ ಕೆಲಸ ಹೆಂಗಸರಿಗೂ ಮಕ್ಕಳಿಗೂ ಬರುವುದು ಈ ಅವಸರದಿಂದಲೇ. ಇದೇ ಸಮಯದಲ್ಲಿ ಶಾಲೆಯ ಮೊದಲ ಅವಧಿಯ ಪಾಠಗಳು ನಡೆಯುತ್ತಿರುತ್ತವೆ.

ತಂಬಾಕಿನ ವಿಷಯದಲ್ಲಿ ಗಂಟೆಗಿಂತ ಮೊದಲು ಆರೋಗ್ಯದ ಮಾತು ಬರುತ್ತದೆ. ಮಳೆ ಅಥವಾ ಇಬ್ಬನಿಯಿಂದ ತೊಯ್ದ ಹಸಿ ಎಲೆಯನ್ನು ಮುಟ್ಟಿದರೆ ಅದರ ನಿಕೋಟಿನ್ ಚರ್ಮದ ಮೂಲಕ ದೇಹ ಸೇರುತ್ತದೆ. ವಾಕರಿಕೆ, ವಾಂತಿ, ತಲೆನೋವು, ತಲೆಸುತ್ತು ಇದರ ಲಕ್ಷಣಗಳು. ಮಗುವಿನ ದೇಹದ ತೂಕ ಕಡಿಮೆಯಿರುವುದರಿಂದ ಅಷ್ಟೇ ನಿಕೋಟಿನ್ ಹೆಚ್ಚು ಬಾಧಿಸುತ್ತದೆ. ಎಲೆ ಕಟ್ಟಿದ ರಾತ್ರಿ ಮಗು ಊಟ ಬೇಡವೆಂದರೆ ದಣಿವು ಅಥವಾ ದೃಷ್ಟಿ ಎಂದು ಭಾವಿಸದೆ ಇದನ್ನು ನೆನೆಯಬೇಕು. 2016ರ ತಿದ್ದುಪಡಿಗೆ ಮುಂಚಿನ ಅನುಸೂಚಿಯೇ ತಂಬಾಕನ್ನು ಯಾವುದೇ ರೂಪದಲ್ಲಿ ನಿರ್ವಹಿಸುವ ಸಂಸ್ಕರಣಾ ಕೆಲಸವನ್ನು ಮಕ್ಕಳಿಗೆ ನಿಷೇಧಿಸಿತ್ತು.

ಹಾಸನ ತಾಲ್ಲೂಕಿನ ಮಳೆಯಾಶ್ರಿತ ಆಲೂಗೆಡ್ಡೆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬಿತ್ತನೆಯಾಗಿ, ಮೂರು ತಿಂಗಳಲ್ಲಿ ಕೀಳಲು ಬರುತ್ತದೆ. ಅಂಗಮಾರಿ ರೋಗ ತಗಲಿದರೆ ಒಂದೆರಡು ದಿನದ ತಡವೂ ನಷ್ಟವೇ. ಹೊಳೆನರಸೀಪುರದ ನಾಲಾ ಬಯಲಿನಲ್ಲಿ ಭತ್ತದ ನಾಟಿ ಮತ್ತು ಕೊಯ್ಲು. ಚನ್ನರಾಯಪಟ್ಟಣದ ಕಡೆ ತೆಂಗು, ರಾಗಿ ಮತ್ತು ಹೈನುಗಾರಿಕೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಹಣ್ಣಾಗುವ ಕೊನೆಯ ವಾರ ಸೊಪ್ಪಿಗೆ ಹಗಲು ರಾತ್ರಿಯೆಂಬುದಿಲ್ಲ. ಮಲೆನಾಡಿನ ತಾಲ್ಲೂಕುಗಳಲ್ಲಿ ಕಾಫಿ ಹಣ್ಣು ಕೀಳುವ ಚಳಿಗಾಲಕ್ಕೆ ಹೊರಗಿನಿಂದ ಕುಟುಂಬ ಸಮೇತ ಕೂಲಿಗಳು ಬರುತ್ತಾರೆ. ಅವರ ಮಕ್ಕಳ ಹೆಸರು ಒಂದೂರಿನ ಶಾಲೆಯಲ್ಲಿ, ಮಕ್ಕಳು ಇನ್ನೊಂದೂರಿನ ಲೈನುಮನೆಯಲ್ಲಿ.

ಹೀಗೆ ಮಗುವಿನ ದುಡಿಮೆ ವರ್ಷವಿಡೀ ಒಂದೇ ಸಮನಾಗಿ ಹರಡಿಲ್ಲ. ಕೆಲವು ವಾರಗಳಲ್ಲಿ ಅದು ಉಕ್ಕುತ್ತದೆ. ಹಾಜರಾತಿ ಪುಸ್ತಕದ ಖಾಲಿ ಮನೆಗಳೂ ಆ ವಾರಗಳಲ್ಲಿಯೇ ಕಾಣಸಿಗುತ್ತವೆ.

5. ಕುಟುಂಬಗಳು ಏನು ಹೇಳುತ್ತವೆ?

ದುಡಿಯುವ ಕುಟುಂಬಗಳ ಅಭಿಪ್ರಾಯ ಒಂದೇ ಬಗೆಯದಲ್ಲ. ಒಂದೇ ಮನೆಯೊಳಗೂ ತಂದೆಯ ಮಾತು ಬೇರೆ, ತಾಯಿಯ ಮಾತು ಬೇರೆ, ಮಗುವಿನ ಮಾತು ಬೇರೆ. ಸಾಮಾನ್ಯವಾಗಿ ಮುಂದಿಡಲಾಗುವ ವಾದಗಳನ್ನು ಹೀಗೆ ವಿಂಗಡಿಸಬಹುದು.

ಮೊದಲನೆಯದು ಕಲಿಕೆಯ ವಾದ. "ಕೈ ಕೆಸರಾದರೆ ಬಾಯಿ ಮೊಸರು. ನೇಗಿಲು ಹಿಡಿಯಲು ಬಾರದ ಮಗ ನಾಳೆ ಓದಿಗೂ ಆಗದೆ ಒಕ್ಕಲುತನಕ್ಕೂ ಆಗದೆ ಉಳಿದರೆ?" ಎಂಬ ಭಯ ಇದರ ಹಿಂದಿದೆ. ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣರಾಗಿ ಮನೆಯಲ್ಲಿ ಕುಳಿತ ಹುಡುಗರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆದರೆ ಕಸುಬಿನ ಕಲಿಕೆಗೆ ಬೇಕಾದುದು ರಜಾದಿನದ ಒಂದೆರಡು ಗಂಟೆ. ಇಡೀ ದಿನ ಕಡ್ಡಿಗೆ ಎಲೆ ಕಟ್ಟುವುದರಲ್ಲಿ ಮೊದಲ ದಿನ ಕಲಿತದ್ದರ ಮೇಲೆ ಕಲಿಯುವುದು ಏನೂ ಉಳಿದಿರುವುದಿಲ್ಲ.

ಎರಡನೆಯದು ಅಗತ್ಯದ ವಾದ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಡಲಾಗುವುದಿಲ್ಲ. ಮಗು ಮಾಡುವ ಎರಡು ಗಂಟೆಯ ಕೆಲಸವೆಂದರೆ ಉಳಿದ ಅರ್ಧ ಆಳು. ಮುಂಗಡ ಪಡೆದು ಬಂದ ಕುಟುಂಬಗಳಲ್ಲಿ ಈ ಒತ್ತಡ ಇಮ್ಮಡಿಯಾಗುತ್ತದೆ. ಮಗುವಿನ ದುಡಿಮೆಯನ್ನು ಒತ್ತೆಯಿಡುವ ಕರಾರನ್ನು 1933ರ ಕಾಯಿದೆಯೇ ಶೂನ್ಯವೆಂದು ಸಾರಿತ್ತು. ಮುಂಗಡವೆಂಬುದು ಮಗುವಿನ ಮೇಲೆ ಮಾಲೀಕನಿಗೆ ಯಾವ ಹಕ್ಕನ್ನೂ ಕೊಡದು ಎಂಬುದನ್ನು ಈ ಕುಟುಂಬಗಳಿಗೆ ಬಿಡಿಸಿ ಹೇಳಬೇಕು.

ಮೂರನೆಯದು ತಾಯಂದಿರ ಮಾತು. "ಕೂಸನ್ನು ಯಾರು ನೋಡಿಕೊಳ್ಳಬೇಕು?" ಅಂಗನವಾಡಿ ಮುಚ್ಚುವ ಹೊತ್ತಿಗೂ ತಾಯಿ ಕೂಲಿಯಿಂದ ಹಿಂದಿರುಗುವ ಹೊತ್ತಿಗೂ ನಡುವಿನ ಅಂತರವನ್ನು ತುಂಬುವವಳು ಹಿರಿಯ ಮಗಳು. ತಾಯಿ ಬೆಳಿಗ್ಗೆ ಬೇಗ ಹೊರಟ ದಿನ ಆ ಮಗಳು ಶಾಲೆಗೇ ಹೋಗುವುದಿಲ್ಲ. ಇವಳ ಹೆಸರು ಯಾವ ಬಾಲಕಾರ್ಮಿಕರ ಪಟ್ಟಿಯಲ್ಲಿಯೂ ಇರುವುದಿಲ್ಲ.

ನಾಲ್ಕನೆಯದು ಮಿತಿಯನ್ನು ಬಯಸುವವರ ಮಾತು. ತಾವು ಅರ್ಧಕ್ಕೆ ಶಾಲೆ ಬಿಟ್ಟ ತಾಯಂದಿರು ಅನೇಕ ವೇಳೆ ಕಾನೂನಿಗಿಂತ ಬಿಗಿಯಾಗಿ ಮಾತನಾಡುತ್ತಾರೆ. ಮಗುವಿನ ಅಗ್ಗದ ಕೈ ಇರುವವರೆಗೆ ದೊಡ್ಡವರ ಕೂಲಿ ಏರದು ಎಂಬುದನ್ನು ಬಲ್ಲ ಕೂಲಿಕಾರರೂ ಈ ಪಕ್ಷದವರೇ.

ಐದನೆಯದು ಮಕ್ಕಳ ಮಾತು. ಚಿಕ್ಕ ಮಕ್ಕಳು ಆಟದ ಹೊತ್ತು ಹೋಯಿತೆನ್ನುತ್ತಾರೆ. ಹದಿನೈದು, ಹದಿನಾರರ ಕಿಶೋರರು ರಜೆಯಲ್ಲಿ ದುಡಿದು ಕಾಲೇಜು ಶುಲ್ಕಕ್ಕೋ ಮೊಬೈಲಿಗೋ ಹಣ ಕೂಡಿಸಬಯಸುತ್ತಾರೆ. ಇವರಿಗೆ ಬೇಕಾದುದು ಬೆದರಿಕೆಗಿಂತ ಮಾಹಿತಿ: ಯಾವ ಕೆಲಸ ನಿಷಿದ್ಧ, ಎಷ್ಟು ಗಂಟೆ, ಎಷ್ಟು ವಿರಾಮ.

6. ಇತಿಹಾಸದ ಪಾಠ

ಈ ಚರ್ಚೆ ಹೊಸದಲ್ಲ. ಬ್ರಿಟನ್ನಿನ 1833ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳನ್ನು ನಿಷೇಧಿಸಿ, 9ರಿಂದ 13ರವರಿಗೆ ದಿನಕ್ಕೆ 9 ಗಂಟೆಯ ಮಿತಿ ಹಾಕಿತು. ಮಗುವಿನ ಸಂಬಳ ನಿಂತರೆ ಒಲೆ ಉರಿಯದೆಂದು ಹಲವು ಗಿರಣಿ ಕುಟುಂಬಗಳು ವಯಸ್ಸನ್ನು ಮರೆಮಾಚಿದವು. ಆಗ ಜನನ ನೋಂದಣಿಯೂ ಇರಲಿಲ್ಲ. ಅಲ್ಲಿ ಅದು ಆರಂಭವಾದುದು 1837ರಲ್ಲಿ. ಅದೇ ಗಿರಣಿಗಳ ಕಾರ್ಮಿಕರೇ ಸಮಿತಿಗಳನ್ನು ಕಟ್ಟಿ ಹತ್ತು ಗಂಟೆಯ ದಿನಕ್ಕಾಗಿ ಹೋರಾಡಿದರು. ಮಕ್ಕಳ ಗಂಟೆ ಕಡಿಮೆಯಾದರೆ ಅವರ ನೆರವಿನಿಂದ ನಡೆಯುವ ಯಂತ್ರಗಳೂ ನಿಂತು ತಮ್ಮ ಗಂಟೆಯೂ ಇಳಿಯುವುದೆಂಬ ಲೆಕ್ಕ ಅವರದಾಗಿತ್ತು. 1847ರಲ್ಲಿ ಹೆಂಗಸರಿಗೂ ಕಿಶೋರರಿಗೂ ಹತ್ತು ಗಂಟೆಯ ಕಾಯಿದೆ ಬಂದಿತು.

ಭಾರತದಲ್ಲಿ ಈ ಮಿತಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 1881ರಲ್ಲಿ ಕಾರ್ಖಾನೆಯ ಮಗುವಿಗೆ 9 ಗಂಟೆ, 1891ರಲ್ಲಿ 7, 1922ರಲ್ಲಿ 6, 1934ರಲ್ಲಿ 5. 1948ರ ಕಾಯಿದೆ 14 ವರ್ಷದೊಳಗಿನವರನ್ನು ಕಾರ್ಖಾನೆಯಿಂದಲೇ ಹೊರಗಿಟ್ಟಿತು. ಹೊಲ ಮತ್ತು ಮನೆಗಳು ಈ ಮೆಟ್ಟಿಲುಗಳ ಆಚೆಯೇ ಉಳಿದವು.

ಕರ್ನಾಟಕದಲ್ಲಿ ಮಕ್ಕಳೇ ಈ ಕುರಿತು ದನಿಯೆತ್ತಿದ ಉದಾಹರಣೆ ಕುಂದಾಪುರದ್ದು. ಬೆಂಗಳೂರಿನ "ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್" ಸಂಸ್ಥೆಯ ಬೆಂಬಲದಿಂದ 1990ರಲ್ಲಿ ದುಡಿಯುವ ಮಕ್ಕಳ "ಭೀಮ ಸಂಘ" ಹುಟ್ಟಿತು. 1996ರಲ್ಲಿ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆ ಕುಂದಾಪುರದಲ್ಲಿ ಸೇರಿತು. ಶೋಷಣೆಗೆ ವಿರೋಧ, ಆದರೆ ಓದಿಗೂ ವಿರಾಮಕ್ಕೂ ಹೊತ್ತು ಉಳಿಯುವಂತೆ ಗಂಟೆಗಳನ್ನು ಹೊಂದಿಸಿದ ಗೌರವದ ಕೆಲಸಕ್ಕೆ ಒಪ್ಪಿಗೆ ಎಂಬುದು ಆ ಸಭೆಯ ಹತ್ತು ಅಂಶಗಳಲ್ಲೊಂದು. ಮುಂದೆ ಆ ಭಾಗದಲ್ಲಿ ರೂಪುಗೊಂಡ ಮಕ್ಕಳ ಪಂಚಾಯಿತಿಗಳು ಹಳ್ಳ ದಾಟುವ ಕಾಲುಸಂಕದಂತಹ ಬೇಡಿಕೆಗಳನ್ನು ಹಿರಿಯರ ಪಂಚಾಯಿತಿಯ ಮುಂದಿಟ್ಟವು. ಇಂದಿನ ಮಕ್ಕಳ ಗ್ರಾಮಸಭೆಯ ಹಿಂದೆ ಈ ಅನುಭವವೂ ಇದೆ.

ಇದಕ್ಕೆ ಎದುರಾದ ನಿಲುವನ್ನು ನೆರೆಯ ಆಂಧ್ರದಲ್ಲಿ ಶಾಂತಾ ಸಿನ್ಹಾ ಅವರ ನೇತೃತ್ವದ ಎಂ.ವಿ. ಫೌಂಡೇಷನ್ ತಳೆಯಿತು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ. ಬಡ ತಂದೆತಾಯಿಯರೂ ಮಕ್ಕಳನ್ನು ಓದಿಸಬಯಸುತ್ತಾರೆ. ಅರೆಹೊತ್ತಿನ ದುಡಿಮೆಯ ರಾಜಿ ಬೇಡ ಎಂಬುದು ಅವರ ವಾದ. ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ನಂತರ 6ರಿಂದ 14ರ ವಯಸ್ಸಿನ ಮಟ್ಟಿಗೆ ಕಾನೂನು ಈ ಎರಡನೆಯ ನಿಲುವಿನ ಹತ್ತಿರ ಬಂದಿದೆ. ಆದರೂ ಎರಡು ದಾರಿಯವರೂ ಮಾಡಿದ ಮೊದಲ ಕೆಲಸ ಒಂದೇ: ಮಗುವಿನೊಡನೆ, ಕುಟುಂಬದೊಡನೆ ಕುಳಿತು ಮಾತನಾಡಿದ್ದು.

7. ಗ್ರಾಮ ಪಂಚಾಯಿತಿ ಮಾಡಬಹುದಾದುದು

ಮಗು ಬಿಟ್ಟ ಗಂಟೆಯ ಕೆಲಸವನ್ನು ಇನ್ನಾರು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಮಿತಿ ನಿಲ್ಲದು. ಆ ಉತ್ತರದ ಒಂದು ಭಾಗ ಪಂಚಾಯಿತಿಯ ಕೈಯಲ್ಲಿದೆ.

ಅ) ಗಂಟೆ ಪಟ್ಟಿ: ಮಕ್ಕಳ ಗ್ರಾಮಸಭೆಗೆ ಮುನ್ನ ಪ್ರತಿ ತರಗತಿಯ ಮಕ್ಕಳಿಂದ ನಿದ್ದೆಯಿಂದ ಏಳುವ ಹೊತ್ತಿನಿಂದ ಮಲಗುವ ಹೊತ್ತಿನವರೆಗಿನ ದಿನಚರಿಯನ್ನು ಹೆಸರಿಲ್ಲದೆ ಬರೆಸುವುದು. ಬಿತ್ತನೆ, ಕೊಯ್ಲು, ಎಲೆ ಮುರಿಯುವ ವಾರಗಳಲ್ಲಿ ಇನ್ನೊಮ್ಮೆ ಬರೆಸುವುದು. ಎರಡರ ವ್ಯತ್ಯಾಸವೇ ಆ ಊರಿನ ಪ್ರಶ್ನೆ.

ಆ) ಕೂಸಿನ ಮನೆ: 2023-24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಲಾದ ಶಿಶುಪಾಲನಾ ಕೇಂದ್ರಗಳು ಹಿರಿಯ ಮಗಳನ್ನು ಶಾಲೆಗೆ ಬಿಡುಗಡೆ ಮಾಡುವ ನೇರ ಸಾಧನ. ಕೇಂದ್ರದ ವೇಳೆಯನ್ನು ತಾಯಂದಿರ ಕೆಲಸದ ವೇಳೆಗೆ ಹೊಂದಿಸಬೇಕು.

ಇ) ನೀರು: ನಲ್ಲಿ ನೀರು ಬಿಡುವ ವೇಳೆ ಶಾಲೆಯ ವೇಳೆಯೊಂದಿಗೆ ತಗಲಿದರೆ ಕೊಡ ಹಿಡಿದು ನಿಲ್ಲುವವರು ಮಕ್ಕಳೇ. ನೀರುಗಂಟಿಯ ವೇಳಾಪಟ್ಟಿ ಬದಲಿಸಲು ಹಣ ಬೇಕಿಲ್ಲ, ಒಂದು ನಿರ್ಣಯ ಸಾಕು.

ಈ) ಹಾಲಿನ ಡೇರಿ: ಮುಂಜಾನೆ ಹಾಲು ಹಾಕಲು ಮಕ್ಕಳನ್ನು ಕಳುಹಿಸುವುದು ವಾಡಿಕೆ. ಬೆಳಿಗ್ಗೆ 8ಕ್ಕೆ ಮುಂಚಿನ ಈ ಕೆಲಸ ನಿಯಮದ ಮಿತಿಗೆ ಹೊರಗಿನದು. ನಾಲ್ಕಾರು ಮನೆಯ ಹಾಲನ್ನು ದೊಡ್ಡವರೊಬ್ಬರು ಸರದಿಯಂತೆ ಒಯ್ಯುವ ಏರ್ಪಾಡನ್ನು ಸಹಕಾರ ಸಂಘದ ಸಭೆಯಲ್ಲಿ ಚರ್ಚಿಸಬಹುದು.

ಉ) ಶಿಕ್ಷಣ ಹಕ್ಕು ಕಾಯಿದೆಯ 9ನೇ ಪ್ರಕರಣ: 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ವಲಸೆ ಕುಟುಂಬದ ಮಕ್ಕಳ ದಾಖಲಾತಿ ಖಚಿತಪಡಿಸುವುದು ಮತ್ತು ಶೈಕ್ಷಣಿಕ ವೇಳಾಪಟ್ಟಿ ನಿರ್ಧರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳಲ್ಲಿ ಸೇರಿವೆ. ಬೆಳೆಯ ಕಾಲದ ಮಾಹಿತಿಯನ್ನು ಶಿಕ್ಷಣ ಇಲಾಖೆಗೆ ಲಿಖಿತವಾಗಿ ನೀಡುವುದರಿಂದ ಈ ಕೆಲಸ ಆರಂಭಿಸಬಹುದು.

ಊ) ಗ್ರಂಥಾಲಯ: ಸಂಜೆ 5ರಿಂದ 7ರವರೆಗೆ ಗ್ರಂಥಾಲಯ ತೆರೆದಿದ್ದರೆ ಮನೆಪಾಠಕ್ಕೆ ಜಾಗವೂ ಬೆಳಕೂ ದೊರೆಯುತ್ತವೆ. ಆ ಹೊತ್ತಿನಲ್ಲಿ ಮಗು ಎಲ್ಲಿದೆ ಎಂಬುದು ತಾಯಿಗೂ ಗೊತ್ತಿರುತ್ತದೆ.

ಋ) ದೂರು: ಹೊರಗಿನ ಮಾಲೀಕನ ಬಳಿ ಮಗು ದುಡಿಯುತ್ತಿದ್ದರೆ ಅಲ್ಲಿ ಗಂಟೆಯ ಚರ್ಚೆಯಿಲ್ಲ. ಕಾರ್ಮಿಕ ನಿರೀಕ್ಷಕರಿಗೆ ಅಥವಾ 1098 ಮಕ್ಕಳ ಸಹಾಯವಾಣಿಗೆ ಕೂಡಲೇ ತಿಳಿಸಬೇಕು. ಮಗು ಮಾಹಿತಿಯಿಲ್ಲದೆ ಸತತ 30 ದಿನ ಗೈರಾದರೆ ಮುಖ್ಯ ಶಿಕ್ಷಕರು ಸಂಬಂಧಿಸಿದ ನೋಡಲ್ ಅಧಿಕಾರಿಗೆ ತಿಳಿಸಬೇಕೆಂದು ನಿಯಮವಿದೆ. ಪಂಚಾಯಿತಿ ಅಷ್ಟು ದಿನ ಕಾಯಬೇಕಾಗಿಲ್ಲ. ಮೊದಲ ವಾರದಲ್ಲಿಯೇ ಮನೆಗೆ ಹೋಗಿ ವಿಚಾರಿಸಬಹುದು.

8. ಚರ್ಚೆಗೆ ಪ್ರಶ್ನೆಗಳು

1) ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಶಾಲಾ ಹಾಜರಾತಿ ಅತಿ ಕಡಿಮೆಯಾಗುವ ಎರಡು ವಾರಗಳು ಯಾವುವು? ಆಗ ಹೊಲದಲ್ಲಿ ಯಾವ ಕೆಲಸ ನಡೆಯುತ್ತಿರುತ್ತದೆ?

2) 12 ವರ್ಷದ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯ ದಿನಚರಿಯನ್ನು ಬರೆದು ಹೋಲಿಸಿರಿ. ಆಟದ ಹೊತ್ತು ಯಾರಿಗೆ ಕಡಿಮೆ?

3) ಮಗು ಬಿಟ್ಟ ಒಂದು ಗಂಟೆಯ ಕೆಲಸವನ್ನು ತುಂಬಲು ಪಂಚಾಯಿತಿ, ಸಹಕಾರ ಸಂಘ, ಸ್ವಸಹಾಯ ಸಂಘಗಳು ತಲಾ ಏನು ಮಾಡಬಹುದು?

4) ನಿಷೇಧ ಮತ್ತು ಮಿತಿ ಎಂಬ ಎರಡು ನಿಲುವುಗಳಲ್ಲಿ ನಿಮ್ಮ ಊರಿನ ತಾಯಂದಿರು ಯಾವುದನ್ನು ಒಪ್ಪುತ್ತಾರೆ? ಏಕೆ?

ಮುಂದಿನ ಮಕ್ಕಳ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಗಂಟೆ ಪಟ್ಟಿಯನ್ನು ಸೇರಿಸಿ, ಅಲ್ಲಿ ಕಂಡುಬಂದ ಕನಿಷ್ಠ ಒಂದು ಗಂಟೆಯ ಭಾರವನ್ನು ಇಳಿಸುವ ನಿರ್ಣಯವನ್ನು ಸಾಮಾನ್ಯ ಸಭೆಯಲ್ಲಿ ಕೈಗೊಳ್ಳುವುದು. ನೀರು ಬಿಡುವ ವೇಳೆಯ ಬದಲಾವಣೆಯಾದರೂ ಸರಿ, ಗ್ರಂಥಾಲಯದ ಬಾಗಿಲು ಎರಡು ಗಂಟೆ ಹೆಚ್ಚು ತೆರೆಯುವುದಾದರೂ ಸರಿ. ಆರು ತಿಂಗಳ ನಂತರ ಅದೇ ಮಕ್ಕಳಿಂದ ಅದೇ ಪಟ್ಟಿಯನ್ನು ಮತ್ತೆ ಬರೆಸಿ, ಆ ಗಂಟೆ ಓದಿಗೆ ಹೋಯಿತೇ, ಆಟಕ್ಕೆ ಹೋಯಿತೇ, ಇನ್ನೊಂದು ಕೆಲಸಕ್ಕೆ ಹೋಯಿತೇ ಎಂಬುದನ್ನು ನೋಡುವುದು.